ನಗು ಇಳಿದ ಮೇಲಿನ ಮುಖ

‘ಸ್ವಲ್ಪ ನಗಿ’ ಅಂದ ತಕ್ಷಣ ಫೋಟೋಕ್ಕೆ ನಾವೆಲ್ಲ ನಗ್ತೀವಿ, ಅಲ್ಲವೇ? ಆ ನಗುವಿನಾಚೆಗೂ ಮುಖವಿದೆ ಎಂದು ತೋರಿಸಿದವರು ಅಮೆರಿಕದ ಛಾಯಾಗ್ರಾಹಕ ರಿಚರ್ಡ್ ಅವೆಡನ್ (1923–2004). ಫ್ಯಾಷನ್ ಪತ್ರಿಕೆಗಳಿಗೆ ರೂಪದರ್ಶಿಯರನ್ನು ಓಡಿಸಿ, ಕುಣಿಸಿ ಚಿತ್ರ ತೆಗೆದು ಹೆಸರಾದವರು. 1955ರಲ್ಲಿ ಪ್ಯಾರಿಸ್ಸಿನ ಸರ್ಕಸ್ ಆನೆಗಳ ನಡುವೆಯೇ ಡೊವಿಮಾಳನ್ನು ನಿಲ್ಲಿಸಿದ್ದರು! ನನ್ನ ಮನಸ್ಸಿಗೆ ನಾಟಿದ್ದು ಮಾತ್ರ 1957ರಲ್ಲಿ ಅವರು ತೆಗೆದ ನಟಿ ಮರ್ಲಿನ್ ಮನ್ರೋ ಚಿತ್ರ. ನ್ಯೂಯಾರ್ಕಿನ ಸ್ಟುಡಿಯೋದಲ್ಲಿ ಗಂಟೆಗಟ್ಟಲೆ ಹಾಡಿ, ಕುಣಿದು, ನಕ್ಕ ಆಕೆ ಕೊನೆಗೆ ಮೂಲೆಯಲ್ಲಿ ಸುಮ್ಮನೆ ಕೂತಳಂತೆ. ಅವೆಡನ್ ಕದ್ದು ತೆಗೆಯಲಿಲ್ಲ. ಕ್ಯಾಮೆರಾ ಹಿಡಿದು ಎದುರಿಗೇ ಹೋದರು. ಆಕೆ ಬೇಡವೆನ್ನಲಿಲ್ಲ.

ತೀರಿಕೊಂಡ ಅಮ್ಮನ ಫೋಟೋಗಳು ನಮ್ಮಲ್ಲಿ ಬೇಕಾದಷ್ಟಿವೆ. ಎಲ್ಲದರಲ್ಲೂ ಜರಿಸೀರೆ, ನಗು. ಕೆಲಸ ಮುಗಿಸಿ ಹಿತ್ತಲ ಕಟ್ಟೆಯ ಮೇಲೆ ಸುಮ್ಮನೆ ಕೂರುತ್ತಿದ್ದ ಅಮ್ಮನದು ಒಂದೂ ಇಲ್ಲ. ನಿಮ್ಮನೆಯಲ್ಲಾದರೂ, ಅವರನ್ನು ಕೇಳಿಯೇ, ಅಂಥದೊಂದು ತೆಗೆದಿಡಿ.