ಬಾಳೆಹೊನ್ನೂರಿನ ಕಾಫಿಯಂಗಡಿ

ಚಿಕ್ಕಮಗಳೂರು ಜಿಲ್ಲೆಯ ಬಾಳೆಹೊನ್ನೂರು ಭದ್ರಾನದಿಯ ತೀರದಲ್ಲಿರುವ ಸಣ್ಣ ಪಟ್ಟಣ. ಬಾಬಾ ಬುಡನ್ ಎಂಬ ಸಂತನು 17ನೆಯ ಶತಮಾನದಲ್ಲಿ ಯೆಮನ್ ದೇಶದಿಂದ ಏಳು ಕಾಫಿಬೀಜಗಳನ್ನು ತಂದು ಬಿತ್ತಿದನೆಂದು ಐತಿಹ್ಯವಿರುವ ಗಿರಿಯು ಈ ಜಿಲ್ಲೆಯದೇ. ಊರಿನ ಸಮೀಪದಲ್ಲಿ 1925ರಲ್ಲಿ ಸ್ಥಾಪಿತವಾದ ಕಾಫಿ ಸಂಶೋಧನಾಕೇಂದ್ರವೂ ಉಂಟು.

ಇಲ್ಲಿ ವೃದ್ಧ ದಂಪತಿಗಳು ಚಿಕ್ಕದೊಂದು ಕಾಫಿಯಂಗಡಿಯನ್ನು ನಡೆಯಿಸುತ್ತಿರುವರು. ಆಕೆ ಡಿಕಾಕ್ಷನ್ ಇಳಿಸುವರು. ಯಜಮಾನರು ಹಾಲು ಬೆರೆಸಿ ಲೋಟವನ್ನು ಮುಂದಿಡುವರು. ಪ್ರಾತಃಕಾಲದಲ್ಲಿ ತೋಟದ ಆಳು, ತೋಟದ ಒಡೆಯ, ಅರ್ಚಕ, ಬಸ್ಸಿನ ಕಂಡಕ್ಟರು ಎಲ್ಲರೂ ಒಂದೇ ಬೆಂಚಿನವರು. ಒಬ್ಬನು ಪತ್ರಿಕೆಯನ್ನು ಓದಿದರೆ ಹತ್ತು ಮಂದಿ ಕೇಳುವರು. ಮಳೆ, ಕಾಫಿಯ ಧಾರಣೆ, ಮಕ್ಕಳ ವಿವಾಹ, ಎಲ್ಲವೂ ಅಲ್ಲಿ ಚರ್ಚಿತವಾಗುವುವು. ನಿತ್ಯ ಬರುವವನು ಎರಡು ದಿನ ಕಾಣದಿದ್ದರೆ ಮನೆಗೆ ಹೇಳಿಕಳುಹಿಸಿ ಕ್ಷೇಮವನ್ನು ವಿಚಾರಿಸುವರು.

ವಾಚಕರೇ, ಆ ಒಂದೇ ಬೆಂಚು ಅಲ್ಪವಸ್ತುವಲ್ಲ. ಪೂರ್ವದಲ್ಲಿ ನಮ್ಮ ಅನೇಕ ಹೋಟೆಲುಗಳಲ್ಲಿ ಬ್ರಾಹ್ಮಣರಿಗೆ ಪ್ರತ್ಯೇಕ ಸ್ಥಳವಿತ್ತು; ಕೆಲವರಿಗೆ ಪ್ರವೇಶವೇ ಇರಲಿಲ್ಲ. 1950ರಲ್ಲಿ ಜಾರಿಗೆ ಬಂದ ಸಂವಿಧಾನವು ಆ ಭೇದವನ್ನು ನಿಷೇಧಿಸಿತು. ಆದರೆ ಶಾಸನವು ಬಾಗಿಲನ್ನು ಮಾತ್ರ ತೆರೆಯಬಲ್ಲುದು; ಒಳಬಂದವನನ್ನು ಕುಳ್ಳಿರೆಂದು ಉಪಚರಿಸತಕ್ಕವರು ಮನುಷ್ಯರೇ. ಕೂಲಿಯವರಿಗೆ ಬೇರೆ ಲೋಟವಿಡಬೇಕೆಂದ ಧನಿಕ ಗಿರಾಕಿಯೊಬ್ಬನು ಮುನಿದು ಹೋದರೂ ಆ ತಾಯಿ ಲೋಟಗಳನ್ನು ಬೇರ್ಪಡಿಸಲಿಲ್ಲವಂತೆ. ಆತನ ಲೆಕ್ಕದ ಹಣ ನಷ್ಟವಾಯಿತು. ಅಂಗಡಿಯ ಧರ್ಮ ಉಳಿಯಿತು.