ಪ್ಲೇಗಿನ ಊರಲ್ಲಿ ಉಳಿದವರು

1527ರ ಆಗಸ್ಟ್. ಜರ್ಮನಿಯಲ್ಲಿ ಎಲ್ಬೆ ನದಿ ದಂಡೆಯ ವಿಟೆನ್‌ಬರ್ಗಿಗೆ ಪ್ಲೇಗ್ ಹೊಕ್ಕಿದೆ. ವಿಶ್ವವಿದ್ಯಾಲಯವೇ ಗುಳೆ ಎದ್ದು ಯೇನಾ ಊರಿನ ಕಡೆ ಹೊರಟಿದೆ. ಹೋಗುವವರಿಗೆ ದಾರಿ ಬಿಟ್ಟು ನೀವು ಊರಿನ ಪೂರ್ವದ ತುದಿಗೆ ನಡೆಯಿರಿ.

ಅಲ್ಲಿ ಕಾಣುವ ದೊಡ್ಡ ಕಟ್ಟಡ ಹಿಂದೆ ಅಗಸ್ಟೀನಿಯನ್ ಸನ್ಯಾಸಿಗಳ ಮಠ. ಈಗ ಅದರಲ್ಲಿ ಧರ್ಮಸುಧಾರಕ ಮಾರ್ಟಿನ್ ಲೂಥರನ ಸಂಸಾರ. ಊರು ಬಿಡು ಎಂದು ಸ್ಯಾಕ್ಸನಿಯ ದೊರೆ ಯೋಹಾನನೇ ಬರೆದಿದ್ದಾನೆ. ಹೆಂಡತಿ ಕ್ಯಾಥರೀನಾ ಬಸುರಿ, ಮಗ ಹಾನ್ಸ್‌ಗೆ ವರ್ಷ ತುಂಬಿದೆಯಷ್ಟೆ. ಹೊರಡಲು ಇಷ್ಟು ಕಾರಣ ಸಾಕು. ಆದರೂ ಲೂಥರ್ ಹೊರಟಿಲ್ಲ. ಊರಿನ ಪಾದ್ರಿ ಬುಗೆನ್‌ಹಾಗೆನ್ ಕೂಡ. ಮೇಯರನ ಹೆಂಡತಿ ಹೆಚ್ಚುಕಡಿಮೆ ಲೂಥರನ ತೋಳಲ್ಲೇ ಪ್ರಾಣ ಬಿಟ್ಟಿದ್ದಾಳೆ.

ನವೆಂಬರಿನಲ್ಲಿ ಮತ್ತೆ ಆ ಬಾಗಿಲು ತಟ್ಟಿ. ಮನೆಯೇ ಆಸ್ಪತ್ರೆಯಾಗಿದೆ. ಕೋಣೆಗಳಲ್ಲಿ ನರಳುವ ಹೆಂಗಸರು. ಹಾನ್ಸ್ ಕೂಡ ಹಾಸಿಗೆ ಹಿಡಿದಿದ್ದಾನೆ. ಬುಗೆನ್‌ಹಾಗೆನ್ ಸಂಸಾರ ಸಮೇತ ಇಲ್ಲಿಗೇ ಬಂದಿದ್ದಾನೆ. ಅವನ ಸೋದರಿ ಹೆರಿಗೆಯ ಹೊತ್ತಿಗೇ ಪ್ಲೇಗಿಗೆ ಬಲಿಯಾದಳು. ತುಂಬು ಬಸುರಿ ಕ್ಯಾಥರೀನಾ ಆ ಸುದ್ದಿಯನ್ನು ಹೇಗೆ ಅರಗಿಸಿಕೊಂಡಳೋ! ಲೂಥರನನ್ನೂ ಗಂಡೆದೆಯ ವೀರನೆಂದು ಊಹಿಸಿಕೊಳ್ಳಬೇಡಿ. ಜುಲೈಯಲ್ಲಿ ಕುಸಿದುಬಿದ್ದ ಮನುಷ್ಯ, ತಿಂಗಳುಗಟ್ಟಲೆ ಮನೋವೇದನೆಯಲ್ಲಿ ಒದ್ದಾಡುತ್ತಿದ್ದಾನೆ.

ಏಳು ವರ್ಷದ ಹಿಂದೆ, 1520ರಲ್ಲಿ, ಕ್ರೈಸ್ತನ ಸ್ವಾತಂತ್ರ್ಯದ ಬಗ್ಗೆ ಪುಸ್ತಕ ಬರೆದವನು ಇವನೇ. ಪಾಪದಿಂದ ರಕ್ಷಣೆ ದೇವರು ಬಿಟ್ಟಿಯಾಗಿ ಕೊಟ್ಟದ್ದು, ಪುಣ್ಯ ಗಳಿಸಿ ಕೊಳ್ಳುವಂಥದ್ದಲ್ಲ ಎಂಬುದು ಅದರ ವಾದ. ಹಾಗಾದರೆ ಸೇವೆ ಯಾಕೆ? ನೆರೆಯವನಿಗೆ ಅದು ಬೇಕಾಗಿದೆ, ಅದಕ್ಕೆ. ತನ್ನ ಲೆಕ್ಕ ಚುಕ್ತಾ ಆದವನ ಕೈ ಇನ್ನೊಬ್ಬರ ಕೆಲಸಕ್ಕೆ ಬಿಡುವಾಗುತ್ತದೆ. ಪಂಡಿತರ ಚರ್ಚೆಯಂತಿದ್ದ ಆ ಮಾತು ಈ ಮನೆಯಲ್ಲಿ ರೋಗಿಯ ಪಕ್ಕ ಕೂತಿದೆ.

ಪ್ಲೇಗ್ ಬಂದರೆ ಓಡಬಹುದೇ ಎಂದು ಬ್ರೆಸ್ಲೌ ಊರಿನ ಪಾದ್ರಿ ಯೋಹಾನ್ ಹೆಸ್ ಕೇಳಿದ್ದಕ್ಕೆ ಲೂಥರ್ ಉತ್ತರ ಬರೆದಿದ್ದಾನೆ. ನನಗೆ ಹಿಡಿಸುವುದು ಅದರಲ್ಲಿನ ವಿವೇಕ. ತಾನು ಉಳಿದೆನೆಂದು ಎಲ್ಲರನ್ನೂ ಉಳಿಯಿರೆಂದು ಒತ್ತಾಯಿಸುವುದಿಲ್ಲ. ಔಷಧ ತಗೊಳ್ಳಿ, ಮನೆಗೆ ಹೊಗೆ ಹಾಕಿ, ನಿಮ್ಮ ಅಗತ್ಯವಿಲ್ಲದ ಕಡೆ ಸುಳಿಯಬೇಡಿ ಎನ್ನುತ್ತಾನೆ. ದೇವರ ಮೇಲೆ ಭಾರ ಹಾಕಿ ಮದ್ದು ಬೇಡವೆನ್ನುವವರನ್ನು ಬೈಯುತ್ತಾನೆ. ಆದರೆ ಪಾದ್ರಿ, ಅಧಿಕಾರಿ, ರೋಗಿಯ ಏಕೈಕ ಆಸರೆಯಾದ ನೆರೆಯವನು, ಇವರು ಬದಲಿ ವ್ಯವಸ್ಥೆಯಿಲ್ಲದೆ ಕದಲಕೂಡದು.

ಆದ್ದರಿಂದ, ವಿಟೆನ್‌ಬರ್ಗಿನಲ್ಲಿ ನಿಮ್ಮನ್ನೇ ನಂಬಿದವರು ಯಾರೂ ಇಲ್ಲದಿದ್ದರೆ, ಯೇನಾದ ದಾರಿ ಹಿಡಿಯಿರಿ. ಅಳುಕುವುದು ಬೇಡ.