ತೂಕ ಕೇಳಿದರೆ ವಯಸ್ಸು ಹೇಳಿದೆ

ಕೂಸಿಗೆ ಆಂಟಿಬಯೋಟಿಕ್ ಬರೆಯುವಾಗ ಯಾವ ಡಾಕ್ಟರ ಕೈಯಾದರೂ ಸ್ವಲ್ಪ ಹಿಂಜರಿಯುತ್ತದೆ. ಕಾಲೇಜಿನಲ್ಲಿ ನಮಗೆ ಕ್ಲೋರಾಂಫೆನಿಕಾಲ್ ಕಥೆ ಹೇಳಿ ಹೆದರಿಸಿದ್ದರು. 1950ರ ದಶಕದ ಕೊನೆಯಲ್ಲಿ ಅಮೆರಿಕದಲ್ಲಿ ಆ ಔಷಧಿಯನ್ನು ದೊಡ್ಡ ಡೋಸಿನಲ್ಲಿ ಪಡೆದ ನವಜಾತ ಶಿಶುಗಳು ಮೈಯೆಲ್ಲ ಬೂದು ಬಣ್ಣಕ್ಕೆ ತಿರುಗಿ ಸತ್ತವು. ಅದನ್ನು ಕರಗಿಸಿ ಹೊರಹಾಕುವ ಶಕ್ತಿ ಆ ಎಳೆಯ ಲಿವರ್‌ಗೆ ಇನ್ನೂ ಬಂದಿರಲಿಲ್ಲ. ಕಥೆ ನಿಜವೇ. ಅದರಿಂದ ನಾನು ಕಟ್ಟಿಕೊಂಡ ತೀರ್ಮಾನ ಮಾತ್ರ ಸುಳ್ಳು. ಡೋಸ್ ಹೆಚ್ಚಾದರೆ ಅಪಾಯ, ಕಡಿಮೆಯಾದರೆ ಏನೂ ಆಗುವುದಿಲ್ಲ ಅಂದುಕೊಂಡೆ.

ಪ್ರಾಥಮಿಕ ಆರೋಗ್ಯ ಕೇಂದ್ರದ ಓಪಿಡಿಯಲ್ಲಿ ಕೂತು ಕೂತು ಈ ಭಯವೇ ಅಭ್ಯಾಸವಾಯಿತು. ವರ್ಷದೊಳಗಿನ ಕೂಸಾದರೆ ಅಮಾಕ್ಸಿಸಿಲಿನ್ ಅರ್ಧ ಚಮಚ, ಬೆಳಿಗ್ಗೆ-ಸಂಜೆ, ಐದು ದಿನ. 30 ಮಿ.ಲೀ. ಬಾಟಲಿ ಒಂದರಲ್ಲೇ ಕೋರ್ಸ್ ಮುಗಿಯುತ್ತದೆ, ಬಡವರಿಗೆ ಖರ್ಚೂ ಉಳಿಯುತ್ತದೆ. ಅಂಗಡಿಯವರಿಗೂ ನನ್ನ ಚೀಟಿ ಬಾಯಿಪಾಠವಾಗಿತ್ತು.

ಎಂಟು ತಿಂಗಳ ಆ ಹೆಣ್ಣುಕೂಸನ್ನು ಜ್ವರ, ಕೆಮ್ಮು ಅಂತ ಎತ್ತಿಕೊಂಡು ಬಂದಿದ್ದರು. ನಾನೇನೂ ಅಸಡ್ಡೆ ಮಾಡಲಿಲ್ಲ ಅನ್ನುವುದೇ ಇಲ್ಲಿನ ವಿಚಿತ್ರ. ಅಂಗಿ ಮೇಲೆತ್ತಿಸಿ, ಗಡಿಯಾರ ಹಿಡಿದು, ಪೂರ್ತಿ ಒಂದು ನಿಮಿಷ ಉಸಿರು ಎಣಿಸಿದೆ. 56 ಬಂತು. ಎರಡು ತಿಂಗಳು ದಾಟಿ ವರ್ಷ ತುಂಬದ ಕೂಸಿಗೆ 50 ಮುಟ್ಟಿದರೆ ಏರುಸಿರು, ಅಂದರೆ ನ್ಯುಮೋನಿಯಾ ಅಂತ ಹಿಡಿಯಬೇಕು. ಎದೆಗೂಡು ಒಳಕ್ಕೆ ಸೆಳೆಯುತ್ತಿರಲಿಲ್ಲ, ಮೊಲೆ ಕುಡಿಯುತ್ತಿತ್ತು. ಮನೆಯಲ್ಲೇ ಬಾಯಿಯ ಔಷಧಿ ಕೊಡಬಹುದಾದ ಕೇಸು. ಇಲ್ಲಿಯವರೆಗೆ ಎಲ್ಲ ಪುಸ್ತಕದ ಪ್ರಕಾರ. ತೂಕದ ಯಂತ್ರ ಪಕ್ಕದ ಕೋಣೆಯಲ್ಲಿತ್ತು, ಅದರ ಮೇಲೆ ಲಸಿಕೆ ರಿಜಿಸ್ಟರುಗಳ ರಾಶಿ. ಅವನ್ನು ಇಳಿಸಿ ಕೂಸನ್ನು ತೂಗುವುದಕ್ಕೆ ಎರಡು ನಿಮಿಷವೂ ಬೇಕಿರಲಿಲ್ಲ. 5 ಮಿ.ಲೀ.ಗೆ 125 ಮಿಲಿಗ್ರಾಂ ಇರುವ ಡ್ರೈ ಸಿರಪ್, 2.5 ಮಿ.ಲೀ. ಅಂತ ಬರೆದು ಮುಂದಿನವರನ್ನು ಕರೆದೆ.

ಮೂರನೇ ದಿನ ವಾಪಸ್ ಬಂದಾಗ ಎದೆ ಸೆಳೆಯುತ್ತಿತ್ತು, ಮೊಲೆಯೂ ಬಿಟ್ಟಿತ್ತು. ನಾನು ಮೊದಲು ಮಾಡಿದ ಕೆಲಸವೆಂದರೆ ತಾಯಿಯನ್ನು ಗದರಿದ್ದು. “ಸರಿಯಾಗಿ ಕೊಟ್ಟೆಯಾ? ಉಗುಳಿಸಿಬಿಟ್ಟೆಯಾ?” ಅತ್ತೆ ಪಕ್ಕದಲ್ಲೇ ನಿಂತಿದ್ದರು. ಆಕೆ ಉತ್ತರ ಕೊಡದೆ ಚೀಲದಿಂದ ಬಾಟಲಿ, ಅದರ ಜೊತೆಗೆ ಬಂದಿದ್ದ ಅಳತೆ ಮುಚ್ಚಳ, ತವರಿನ ಬೆಳ್ಳಿಯ ಒಳಲೆ ಮೂರನ್ನೂ ತೆಗೆದು ಮೇಜಿನ ಮೇಲಿಟ್ಟಳು. ಪ್ರತಿ ಸಲ ಕೊಟ್ಟಾಗಲೂ ಲೇಬಲ್ ಮೇಲೆ ಪೆನ್ನಿನಲ್ಲಿ ಒಂದೊಂದು ಗೀಟು ಎಳೆದಿದ್ದಳು. ಬಾಟಲಿಯಲ್ಲಿ ಎಷ್ಟು ಇಳಿದಿರಬೇಕೋ ಅಷ್ಟೇ ಇಳಿದಿತ್ತು. ಅದನ್ನು ನೋಡಿಯೂ ನಾನು ಗದರಿದ್ದನ್ನು ವಾಪಸ್ ತೆಗೆದುಕೊಳ್ಳಲಿಲ್ಲ.

ತಾಲ್ಲೂಕು ಆಸ್ಪತ್ರೆಯ ಮಕ್ಕಳ ತಜ್ಞೆಗೆ ಫೋನ್ ಮಾಡಿದೆ.

“ತೂಕ ಎಷ್ಟು?”

“ಎಂಟು ತಿಂಗಳು.”

“ತಿಂಗಳು ಕೇಳಲಿಲ್ಲ ಡಾಕ್ಟ್ರೇ.”

ಅಲ್ಲಿ ತೂಗಿದಾಗ 8 ಕೆಜಿ. ಆಮ್ಲಜನಕ, ಇಂಜೆಕ್ಷನ್ ಎಲ್ಲ ಆಗಿ ಕೂಸು ಚೇತರಿಸಿಕೊಂಡಿತು. ಲೆಕ್ಕ ಹಾಕಲು ಆ ರಾತ್ರಿ ನಾನು ಒಬ್ಬಳೇ ಕೂತೆ. ಇಂಥ ನ್ಯುಮೋನಿಯಾಕ್ಕೆ ವಿಶ್ವ ಆರೋಗ್ಯ ಸಂಸ್ಥೆ 2014ರಲ್ಲಿ ಹೇಳಿರುವ ಅಮಾಕ್ಸಿಸಿಲಿನ್ ಡೋಸ್ ಕೆಜಿಗೆ 40 ಮಿಲಿಗ್ರಾಂ, ದಿನಕ್ಕೆ ಎರಡು ಸಲ. ಎಂಟು ಕೆಜಿಗೆ ಒಂದು ಸಲಕ್ಕೆ 320. ನಾನು ಕೊಡಿಸಿದ್ದು 62.5. ಐದರಲ್ಲಿ ಒಂದು ಪಾಲೂ ಇಲ್ಲ! ನೀರಲ್ಲಿ ಕರಗುವ 250ರ ಮಾತ್ರೆಯ ಸರಳ ಪಟ್ಟಿಯಲ್ಲೂ 4 ಕೆಜಿಯಿಂದ 10 ಕೆಜಿಯೊಳಗಿನ ಕೂಸಿಗೆ ಸಲಕ್ಕೊಂದು ಮಾತ್ರೆ ಇದೆ. ಆ ಒರಟು ಲೆಕ್ಕವೂ ನನ್ನದರ ನಾಲ್ಕು ಪಟ್ಟು.

ಕೂಸೆಂದರೆ ದೊಡ್ಡವರ ಚಿಕ್ಕ ಪ್ರತಿ ಅಂತ ನನ್ನ ತಲೆಯಲ್ಲಿ ಕೂತಿತ್ತು. ಅರವತ್ತು ಕೆಜಿಯ ಮನುಷ್ಯ 500ರ ಮಾತ್ರೆ ಮೂರು ಹೊತ್ತು ನುಂಗಿದರೆ ಕೆಜಿಗೆ ದಿನಕ್ಕೆ ಬೀಳುವುದು 25 ಮಿಲಿಗ್ರಾಂ. ಈ ಕೂಸಿಗೆ ಬೇಕಾದದ್ದು 80. ಕೂಸಿನ ಮೈಯಲ್ಲಿ ನೀರಿನ ಪಾಲು ಜಾಸ್ತಿ, ಔಷಧಿ ಅಷ್ಟು ನೀರಿನಲ್ಲಿ ಹರಡಿಹೋಗುತ್ತದೆ. ಮೊದಲ ಕೆಲವು ವಾರ ಮಂದವಾಗಿರುವ ಮೂತ್ರಪಿಂಡಗಳು ಆಮೇಲೆ ಚುರುಕಾಗಿ ಅದನ್ನು ಬೇಗ ಹೊರಗೆ ಕಳಿಸುತ್ತವೆ. ಹಾಗಾಗಿ ಹಸುಗೂಸಿನ ಲೆಕ್ಕ ಬೇರೆ, ಎಂಟು ತಿಂಗಳದ್ದು ಬೇರೆ. ನಾನು ಎರಡನ್ನೂ ಒಂದೇ ಅರ್ಧ ಚಮಚದಲ್ಲಿ ಅಳೆದಿದ್ದೆ. ಜೆಂಟಾಮೈಸಿನ್‌ನಂಥ ಔಷಧಿಯಲ್ಲಿ ಹೆಚ್ಚಾದರೆ ಕಿವಿ, ಕಿಡ್ನಿಗೆ ಕುತ್ತು, ಅಲ್ಲಿ ಭಯ ಬೇಕೇ ಬೇಕು. ಅಮಾಕ್ಸಿಸಿಲಿನ್‌ಗೆ ಅಷ್ಟು ಹೆದರಬೇಕಾಗಿರಲಿಲ್ಲ.

ಪೂರ್ತಿ ಡೋಸ್ ಕೊಟ್ಟಿದ್ದರೆ ಆಸ್ಪತ್ರೆ ತಪ್ಪುತ್ತಿತ್ತೇ? ವೈರಸ್‌ನಿಂದ ಬಂದ ನ್ಯುಮೋನಿಯಾ ಆಗಿದ್ದರೆ ಎಷ್ಟು ಕೊಟ್ಟರೂ ಅಷ್ಟೇ. ಇದನ್ನು ಸಮಾಧಾನಕ್ಕೆಂದು ಕೆಲವು ದಿನ ನನಗೆ ನಾನೇ ಹೇಳಿಕೊಂಡೆ. ಆದರೆ ಅದಕ್ಕಿಂತ ಮೊದಲು ಅರ್ಧ ಚಮಚ ಬರೆಸಿಕೊಂಡು ಹೋದ ಕೂಸುಗಳೆಷ್ಟೋ. ತಾವಾಗಿ ಗುಣವಾದವಕ್ಕೆ ನನ್ನ ಕೈಗುಣ ಅಂದರು. ಆಗದವು ಬೇರೆ ಡಾಕ್ಟರ ಹತ್ತಿರ ಹೋದವು.

ಒಂಬತ್ತು ತಿಂಗಳ ದಡಾರ-ರುಬೆಲ್ಲಾ ಲಸಿಕೆಗೆ ಆ ತಾಯಿ ಬಂದಾಗ, ನಾನು ಬರೆದ ಡೋಸೇ ಕಡಿಮೆಯಿತ್ತು, ನೀನು ಸರಿಯಾಗಿಯೇ ಕೊಟ್ಟಿದ್ದೆ ಅಂದೆ. “ಅದನ್ನ ನಮ್ಮ ಅತ್ತೆಗೂ ಒಂದು ಸಲ ಹೇಳಿ” ಅಂದಳು. ಮುಂದಿನ ಸಲ ಅತ್ತೆ ಬಂದಾಗ ಹೇಳಿದೆ. ಅವರು ನಂಬಿದಂತೆ ಕಾಣಲಿಲ್ಲ.

ಈಗ ಚೀಟಿಯಲ್ಲಿ ಹೆಸರಿನ ಕೆಳಗೆ ತೂಕ, ಔಷಧಿಯ ಮುಂದೆ 5 ಮಿ.ಲೀ.ಗೆ ಎಷ್ಟು ಮಿಲಿಗ್ರಾಂ ಅನ್ನುವುದು, ಆಮೇಲೆ ಮಿ.ಲೀ. ಒಂದೇ ಔಷಧಿ 125ರಲ್ಲೂ ಸಿಗುತ್ತದೆ, 250ರಲ್ಲೂ ಸಿಗುತ್ತದೆ, ಬರೀ ಮಿ.ಲೀ. ಬರೆದರೆ ಡೋಸು ಅಂಗಡಿಯ ಶೆಲ್ಫಿನ ಪಾಲಾಗುತ್ತದೆ. ಚಮಚ ಅನ್ನುವ ಮಾತನ್ನೇ ಬಿಟ್ಟೆ. ಒಳಲೆಯಲ್ಲಿ ಕುಡಿಸುವವರು ಕುಡಿಸಲಿ, ಅಳೆಯುವುದು ಮಾತ್ರ ಸೂಜಿಯಿಲ್ಲದ ಸಿರಿಂಜಿನಲ್ಲಿ.

ಹೀಗೆ ಬರೆಯಲು ಶುರುಮಾಡಿದ ಮೇಲೆ ಅಂಗಡಿಯವರು ಮೊದಲ ಬಾರಿಗೆ ಫೋನ್ ಮಾಡಿದರು. “ಮೇಡಂ, 250ರದ್ದು 6.4 ಮಿ.ಲೀ. ಅಂತ ಇದೆ. ಇಷ್ಟು ಸಣ್ಣ ಕೂಸಿಗೆ? ಎರಡು ಬಾಟಲಿಯೂ ಸಾಲಲ್ಲ.” ಅರ್ಧ ಚಮಚ ಬರೆದ ಅಷ್ಟು ವರ್ಷಗಳಲ್ಲಿ ಅವರು ಒಮ್ಮೆಯೂ ಕೇಳಿರಲಿಲ್ಲ. ಮೂರು ಕೊಡಿ ಅಂದೆ.